ಗಾಡಿ ತರುಬಿದ ಹೊಲ

ಬಿಳಿ ಕಾರಿನವನು ಹಾರ್ನಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ. ತೆಗೆದಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ. ಅವನ ಮುಂದೆ ಎರಡು ಟೆಂಪೊ, ಟೆಂಪೊಗಳ ಮುಂದೆ ತಿರುಗಲು ಹೋಗಿ ಅಡ್ಡಡ್ಡ ಸಿಕ್ಕಿಕೊಂಡ ಶಾಲೆಯ ಬಸ್ಸು, ಎದುರಿನಿಂದ ಮನೆಗೆ ಹೋಗುವ ಅವಸರದಲ್ಲಿದ್ದ ಮೂವತ್ತು ಕಾರು, ಸಂದಿ ಕಂಡಲ್ಲೆಲ್ಲ ಮೂತಿ ತೂರಿಸಿದ ಮೋಟರ್ ಸೈಕಲ್ಲುಗಳು. ಇವೆಲ್ಲದರ ನಡುವೆ ಮಾಳಸಿದ್ದನ ಕುರಿಗಳು. ಚಿಗರಿ ಮಡ್ಡಿಯ ಗೇಟಿನ ಮುಂದಿನ ಆ ಒಂದೇ ರಸ್ತೆಯಲ್ಲಿ ಹನ್ನೊಂದು ಗಂಟೆಯಿಂದ ಯಾವ ಗಾಲಿಯೂ ಉರುಳಿರಲಿಲ್ಲ.

"ಏ ಮಾಮಾ, ಮೇಂಢರಂ ಬಾಜೂಲಾ ಘ್ಯಾ!" ಕುರಿ ಬದಿಗೆ ತಗೋ ಎಂದು ಕಾರಿನವನು ಮರಾಠಿಯಲ್ಲಿ ಕೂಗಿದ. ಮಿರಜದ ಕಡೆಯವನು.

"ಬಾಜೂಕ ಎಲ್ಲೈತಿ ಜಾಗಾ? ನಿನ್ನ ಮಗ್ಗಲ ಸೀಟಿನ್ಯಾಗ ಕೂಡ್ರಸ್ಲೇನು?" ಎಂದ ಮಾಳಸಿದ್ದ.

ಅರವತ್ತಕ್ಕೆ ಎರಡು ಕಡಿಮೆ ಅವನ ವಯಸ್ಸು. ಹೆಗಲ ಮೇಲೆ ಕಂಬಳಿ, ತಲೆಗೆ ಹಳದಿ ರುಮಾಲು, ಕೈಯಲ್ಲಿ ತನಗಿಂತ ಒಂದು ಗೇಣು ಎತ್ತರದ ಬಡಿಗೆ. ರಾಯಬಾಗದ ಕಡೆಯ ಕುರಿಗಾರ. ಮಳೆಗಾಲ ಬಂತೆಂದರೆ ಆ ಕಡೆಯ ಹೊಲಗಳೆಲ್ಲ ಕೆಸರಾಗಿ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಹಿಂಡು ಹೊಡೆದುಕೊಂಡು ಅಥಣಿ ದಾಟಿ ಮೂಡಲಿನ ಒಣ ಮಡ್ಡಿಗೆ ಬರುವುದು ಅವನ ಅಜ್ಜನ ಕಾಲದಿಂದ ನಡೆದದ್ದು. ಚಿಗರಿ ಮಡ್ಡಿ ಅಂಥ ಒಂದು ಕಲ್ಲುಗುಡ್ಡ. ಸರಕಾರ ಅದಕ್ಕೆ ಗೋಡೆ ಕಟ್ಟಿ ಅಭಯಾರಣ್ಯ ಅಂತ ಬೋರ್ಡು ಹಾಕಿ ಇಪ್ಪತ್ತು ವರ್ಷವಾಗಿತ್ತು. ಹದಿನೆಂಟು ವರ್ಷ ಆ ಬೋರ್ಡನ್ನು ಓದುವವರೇ ಇರಲಿಲ್ಲ. ಆಮೇಲೆ ಯಾರೋ ಒಬ್ಬ, ಮಳೆ ಬಿದ್ದ ಮರುವಾರ, ಹಸಿರು ಹುಲ್ಲಿನ ಮೇಲೆ ಇನ್ನೂರು ಚಿಗರಿ, ಅಂದರೆ ಕೃಷ್ಣಮೃಗ, ಹಾರಿ ಹೋಗುವುದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ. ಅಷ್ಟೇ. ಎರಡು ಸಾವಿರದ ಹದಿನೇಳರ ಮಳೆಗಾಲಕ್ಕೆ ಸಾಂಗಲಿ, ಇಚಲಕರಂಜಿ, ಕೊಲ್ಹಾಪುರ, ನಿಪ್ಪಾಣಿ ಎಲ್ಲವೂ ರವಿವಾರ ಬಂತೆಂದರೆ ಇಲ್ಲೇ ಬಂದು ಬೀಳತೊಡಗಿದವು. ಬಂದವರಿಗೆ ಚಿಗರಿ ನೋಡುವುದು ಅಷ್ಟಕ್ಕಷ್ಟೇ, ಚಿಗರಿ ಹಿಂದೆ ಕಾಣುವಂತೆ ತಮ್ಮ ಮುಖ ತಾವು ನೋಡಿಕೊಳ್ಳುವುದು ಬೇಕಾಗಿತ್ತು.

ಕುರಿಗಳು ಬಿಸಿಲಿಗೆ ಏದುಸಿರು ಬಿಡತೊಡಗಿದ್ದವು. ಮಾಳಸಿದ್ದ ಒಮ್ಮೆ ಹಿಂದೆ ನೋಡಿದ, ಒಮ್ಮೆ ಮುಂದೆ ನೋಡಿದ, ಆಮೇಲೆ ಬಡಿಗೆಯಿಂದ ಶಾಲೆಯ ಬಸ್ಸಿನ ಹಿಂಬದಿಗೆ ಎರಡು ಸಲ ತಟ್ಟಿದ. ಕುರಿಯ ಚಪ್ಪೆಗೆ ತಟ್ಟುವ ಹಾಗೇ.

"ನೀ ಮೊದಲ ಹಿಂದ ಸರಿ. ಹಾಂ. ಇನ್ನೊಂದೀಟ. ಏ ಕೆಂಪ ಗಾಡಿ, ನೀ ಯಾಕ ನಡಕ ಬಾಯಿ ಹಾಕ್ತಿ? ನಿಲ್ಲ ಅಲ್ಲೇ!"

ಗೇಟಿನ ಹತ್ತಿರ ರೇಂಜರ್ ಸಂಗ್ರಾಮ ಕಾಂಬಳೆ ಬೆಳಗಿನಿಂದ ಸೀಟಿ ಊದಿ ಊದಿ ತುಟಿ ಬಾವು ಬರಿಸಿಕೊಂಡು ನಿಂತಿದ್ದ. ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯವನು. ಮೂವತ್ತೈದರ ಹರೆಯ, ಒಳ್ಳೆಯವನು, ಆದರೆ ಗಾಡಿಗಳಿಗೆ ಒಳ್ಳೆಯತನ ತಿಳಿಯುವುದಿಲ್ಲ. ಯಾರೋ ಕುರಿಗಾರ ತನ್ನ ರಸ್ತೆಯಲ್ಲಿ ತಾನೇ ಸಾಹೇಬನಾದಂತೆ ಬಡಿಗೆ ತಿರುಗಿಸುತ್ತಿದ್ದುದನ್ನು ಕಂಡು ಬಯ್ಯಬೇಕೆಂದು ಹೊರಟವನು ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಬಸ್ಸು ಬಿಡಿಸಿಕೊಂಡಿತ್ತು. ಬಸ್ಸಿನ ಹಿಂದೆ ಟೆಂಪೊ, ಟೆಂಪೊ ಹಿಂದೆ ಕಾರು, ಒಂದರ ಬಾಲಕ್ಕೆ ಒಂದು. ಅರ್ಧ ಗಂಟೆಯಲ್ಲಿ ರಸ್ತೆ ಖಾಲಿ. ಕೊನೆಗೆ ಕುರಿಗಳು ಹೋದವು.

ಎಲ್ಲ ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಮಾಳಸಿದ್ದನ ಮಗ ಮಾಳು ಹಿಂಡನ್ನು ಕೆರೆಗೆ ಇಳಿಸಿದಾಗ ಹಾದಿಯಲ್ಲಿ ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಅಭಯಾರಣ್ಯದ ಗೋಡೆಗೂ ಹೊಲಗಳ ಬದುವಿಗೂ ನಡುವೆ ಅರವತ್ತು ಅಡಿ ಅಗಲದ ಪಟ್ಟಿಯೊಂದು ಮಡ್ಡಿಯಿಂದ ಕೆರೆಯವರೆಗೆ ಹೋಗುತ್ತದೆ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ. ಕುರಿಗಾರರು ಅದನ್ನು ಕುರಿ ಹಾದಿ ಅನ್ನುತ್ತಾರೆ. ಅದು ಹೋದರೆ ಹಿಂಡು ನೀರಿಗೆ ಹೋಗಲು ಹೆದ್ದಾರಿ ಹಿಡಿದು ಒಂಬತ್ತು ಮೈಲು ಸುತ್ತಬೇಕು. ಮರಿ ಇರುವ ಹಿಂಡು ದಿನಾ ಒಂಬತ್ತು ಮೈಲು ಸುತ್ತುವುದಿಲ್ಲ. ಅಂದರೆ ಮುಂದಿನ ಮಳೆಗಾಲಕ್ಕೆ ಈ ಕಡೆ ಬರುವುದೇ ಇಲ್ಲ.

ಮಾಳಸಿದ್ದ ನೇರ ರೇಂಜರನ ಆಫೀಸಿಗೆ ಹೋದ. ಆಫೀಸೆಂದರೆ ಟಿಕೆಟ್ ಕಿಟಕಿಯ ಹಿಂದಿನ ಒಂದು ಕೋಣೆ. ಕಿಟಕಿಯಲ್ಲಿ ಕೂತಿದ್ದ ಐನಾಪುರದ ಹುಡುಗಿ ಸಾರಿಕಾ, "ಕಾಕಾ, ಟಿಕೆಟ್ ತಗೋತೀರೇನ?" ಎಂದು ನಕ್ಕಳು. ಅವನು ನಗಲಿಲ್ಲ.

"ಸಾಹೇಬ್ರ, ಹಾದ್ಯಾಗ ಏನ ಮಾಡಾಕತ್ತಾರ್ರಿ?"

ಸಂಗ್ರಾಮ ಕುರ್ಚಿ ತೋರಿಸಿದ. ಅವನು ಕೂಡಲಿಲ್ಲ.

"ಪಾರ್ಕಿಂಗ್, ಕಾಕಾ. ಮ್ಯಾಲಿನ ಆಫೀಸಿನಾಗ ವಿಚಾರ ನಡದೈತಿ. ಐತವಾರ ಆದದ್ದ ನೀವ ನೋಡೀರಲ್ಲ. ಗಾಡಿ ನಿಲ್ಲಸಾಕ ಜಾಗಾನ ಇಲ್ಲ. ಅದೊಂದ ಪಟ್ಟಿ ಸಪಾಟ ಐತಿ, ಸರಕಾರದ್ದೈತಿ. ಬ್ಯಾರೆ ಎಲ್ಲಿ ಹೋಗೂಣು?"

"ಗಾಡಿಗೆ ಹಾದಿ ಕೊಟ್ರ ಕುರಿ ಎಲ್ಲಿ ಹೋಗಬೇಕ್ರಿ?"

"ಅದನ್ನ ನಾನೂ ಬರದೀನಿ. ಆದ್ರ ಅವರು ಕೇಳ್ತಾರ, ಹಂಗಾರ ಗಾಡಿಗೆ ನಿನ್ನ ಕಡೆ ಬ್ಯಾರೆ ವ್ಯವಸ್ಥಾ ಏನೈತಿ ಅಂತ. ಆಗಸ್ಟ್ ಹದಿನೈದಕ್ಕ ಸಾಲಾಗಿ ಸೂಟಿ ಬಂದಾವು. ಮಂದಿ ಮುಗಿ ಬೀಳ್ತೈತಿ. ಆವತ್ತಿನ ವರದಿ ನೋಡಿ ಪಕ್ಕಾ ಮಾಡ್ತಾರ."

ಮಾಳಸಿದ್ದ ಕಿಟಕಿಯಿಂದ ಆಚೆ ನೋಡಿದ. ರಸ್ತೆಯ ಆ ಮಗ್ಗುಲಿಗೆ ಲಗಮಣ್ಣನ ಎರಡು ಎಕರೆ ಮಸಾರಿ ಹೊಲ ಬೀಳು ಬಿದ್ದಿತ್ತು. ಕೆಂಪು ಮಣ್ಣು, ಒಳಗೆ ಗರಸು, ಎಷ್ಟೇ ಮಳೆ ಬಿದ್ದರೂ ಅರ್ಧ ತಾಸಿನಲ್ಲಿ ಕಾಲಿಗೆ ಹತ್ತದಂತೆ ಒಣಗುವ ನೆಲ. ಏಳು ಮಳೆಗಾಲ ಅವನು ಅಲ್ಲಿ ಕುರಿ ತರುಬಿದ್ದ. ತರುಬುವುದೆಂದರೆ ಹಿಂಡನ್ನು ಬಲೆಯ ಬೇಲಿಯೊಳಗೆ ಹೊಲದಲ್ಲಿ ಕೂಡಿಹಾಕುವುದು. ಹಿಕ್ಕೆಯೆಲ್ಲ ಹೊಲಕ್ಕೆ ಗೊಬ್ಬರ, ಬದಲಿಗೆ ಕುರಿಗಾರನಿಗೆ ಹೊಲದವನು ಕಾಳು ಕೊಡುತ್ತಾನೆ.

"ಆವತ್ತ ಒಂದಿನಾ ನನಗ ಬಿಡ್ರಿ," ಎಂದ ಮಾಳಸಿದ್ದ. "ಗಾಡಿ ನಾ ತರಬ್ತೀನಿ."

ಸಾರಿಕಾ ಕಿಟಕಿಯಿಂದ ಪೂರ್ತಿ ತಿರುಗಿ ಕುಳಿತಳು.

"ಗಾಡಿ ತರಬ್ತೀರಾ?" ಎಂದ ಸಂಗ್ರಾಮ.

"ಐತವಾರ ನೀವ ನೋಡೀರಲ್ಲ."

ಸಂಗ್ರಾಮ ನೋಡಿದ್ದ. ಕೊಗನೊಳ್ಳಿಯ ತಂಬಾಕಿನ ಹೊಲಗಳಲ್ಲಿ ಕುರಿ ತರುಬುವುದನ್ನೂ ಸಣ್ಣವನಿದ್ದಾಗ ನೋಡಿದ್ದ. ಅವನ ಅವ್ವ ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ಅವನು ಒಂದು ಗಳಿಗೆ ಪೆನ್ನಿನ ತುದಿ ಕಚ್ಚಿ, "ನಡೀರಿ. ಆದ್ರ ತಾಸಿಗೊಮ್ಮೆ ನನಗ ಲೆಕ್ಕ ಬೇಕು. ಒಳಗ ಎಷ್ಟ ಗಾಡಿ ಅದಾವ ಅಂತ. ಮ್ಯಾಲೆ ಕಳಸಬೇಕು," ಎಂದ.

"ತುಂಬೇತಿ, ಇಲ್ಲಾ ತುಂಬಿಲ್ಲ, ಇಷ್ಟ ಹೇಳ್ತೀನ್ರಿ. ಎಷ್ಟ ಅಂತ ಮಾತ್ರ ಕೇಳಬ್ಯಾಡ್ರಿ."

"ಯಾಕ, ಎಣಸಾಕ ಬರೂದಿಲ್ಲೇನು?"

ಮಾಳಸಿದ್ದನ ಮುಖ ಬಿಗಿಯಿತು. "ಬರ್ತೈತ್ರಿ. ಹಟ್ಟ್ಯಾಗ ಇದ್ದದ್ದರ ಲೆಕ್ಕ ಬಾಯಿಲೆ ಹೇಳೂದಿಲ್ಲ ನಾವು. ಹಟ್ಟಿ ಖಾಲಿ ಆದ ಮ್ಯಾಲ ಕೇಳ್ರಿ, ಹೇಳ್ತೀನಿ."

ಅದು ನಿಜ. ಲಸಿಕೆ ಹಾಕುವವರು ಬಂದು ಎಷ್ಟು ಕುರಿ ಅಂದರೂ, ಬೀಗರು ಬಂದು ಕೇಳಿದರೂ, ಅವನ ಹೆಂಡತಿ ಹೊಳೆವ್ವ ಕೊಡುವುದು ಒಂದೇ ಉತ್ತರ: "ಅದಾವ್ರಿ, ಮಾಳಿಂಗರಾಯ ಕೊಟ್ಟಷ್ಟು." ಸಂಖ್ಯೆ ಬಾಯಿಂದ ಹೊರಬಿದ್ದರೆ ಹಿಂಡು ಕರಗುತ್ತದೆ ಎಂದು ಅವರ ನಂಬಿಕೆ. ಲೆಕ್ಕ ಗೊತ್ತಿಲ್ಲ ಅಂತಲ್ಲ. ನಾನೂರು ಕುರಿಯಲ್ಲಿ ಒಂದು ಕುಂಟಿದರೂ ಅವರಿಗೆ ಗೊತ್ತು.

ಲಗಮಣ್ಣನನ್ನು ಒಪ್ಪಿಸಲು ಎರಡು ತಾಸು ಹಿಡಿಯಿತು. ಒಂದು ದಿನದ ಮಟ್ಟಿಗೆ ಹೊಲ ಕೊಡುವುದಕ್ಕೆ ಅವನು ಕೇಳಿದ್ದು ಹದಿನೈದು ರಾತ್ರಿಯ ತರುಬು, ಕಾಳು ಕೊಡದೆ.

"ಹದಿನೈದ ರಾತ್ರಿ ಪುಕ್ಕಟ!" ಎಂದು ಹೊಳೆವ್ವ ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದಳು. "ಅವ ಕೇಳಿದಾ, ನೀವು ಹೂಂ ಅಂದ್ರಿ? ಆ ಲಗಮಣ್ಣ ಹಿಕ್ಕಿನೂ ತೂಕಾ ಮಾಡಿ ತಗೊಳ್ಳಾವ."

"ಹಾದಿ ಹೋದ್ರ ಎಲ್ಲಿ ತರಬ್ತಿ?"

ಅವಳು ಒಲೆ ಊದಿದಳು. ಆಮೇಲೆ, "ಹೊರಬಾಯಿಗೆ ಯಾರು ನಿಲ್ಲವ್ರು? ಮಾಳು ಕುರಿ ಕೂಡ ಹೋಗ್ತಾನು," ಎಂದಳು.

"ನೀ ಅದಿಯಲ್ಲ."

"ಅದೀನಿ. ಆದ್ರ ಆ ಫಟಫಟಿ ಕಾರಿನ ಕೂಡ ಹಾಕಬ್ಯಾಡ್ರಿ. ಮರಿಗೆ ಬ್ಯಾರೆ ಗೂಡ ಬೇಕು. ತುಳದ ಹಾಕ್ತಾವು."

ಹದಿನೈದನೆಯ ತಾರೀಖು ಬೆಳಿಗ್ಗೆ, ಮಕ್ಕಳು ಬಾವುಟ ಹಾರಿಸುವ ಮೊದಲೇ, ಹೊಲ ತಯಾರಾಗಿತ್ತು. ಗೂಟ ನೆಟ್ಟು, ಕುರಿಯ ಬಲೆ ಬಿಗಿದು ಸಾಲು ಮಾಡಿದ್ದರು. ರಸ್ತೆಯ ಮೇಲ್ತುದಿಗೆ ಒಳಬಾಯಿ, ಕೆಳತುದಿಗೆ ಹೊರಬಾಯಿ. ಹೊಕ್ಕ ಗಾಡಿ ಹಿಂದೆ ತಿರುಗುವಂತಿಲ್ಲ. ಸಣ್ಣ ಇಳಿಜಾರಿನ ಉದ್ದಕ್ಕೂ ಮೂತಿ ಕೆಳಗೆ ಮಾಡಿ ನಿಂತರೆ, ಹೋಗುವಾಗ ನೇರ ಮುಂದೆ ಹೋಗುವುದು. ಬೈಕುಗಳಿಗೆ ಬೇರೆ ಗೂಡು, ಬೇವಿನ ನೆರಳಿಗೆ. ಬಾಳು ಎಂಬ ಟ್ರ್ಯಾಕ್ಸ್ ಡ್ರೈವರನನ್ನು ಮಾಳಸಿದ್ದ ಹಿಂದಿನ ದಿನವೇ ಹೇಳಿ ಕರೆಸಿದ್ದ. ಕಾಗವಾಡ-ಅಥಣಿ ನಡುವೆ ಸೀಟು ತುಂಬಿ ಓಡಿಸುವವನು. ಅವನ ಬಾಯಿಗೆ ಎಲ್ಲರೂ ಹೆದರುತ್ತಿದ್ದರು, ಸಾರಿಕಾ ಮಾತ್ರ ಅವನಿಂದಲೂ ಟಿಕೆಟ್ಟಿನ ದುಡ್ಡು ವಸೂಲಿ ಮಾಡಿದ್ದಳು.

"ನೀ ಎಲ್ಲಾರ್ಕಿಂತ ಮೊದಲ ಒಳಗ ಹೋಗಿ ಆ ಮೂಲ್ಯಾಗ ನೆಟ್ಟಗ ನಿಲ್ಲು. ಮೊದಲಿಂದ ನೆಟ್ಟಗ ನಿಂತ್ರ ಉಳಿದವು ನಿಲ್ತಾವು."

"ಅಂದ್ರ ನನ್ನ ಹೋತ ಮಾಡಿರಿ," ಎಂದ ಬಾಳು.

"ಹೋತಿಗೆ ಗಂಟಿ ಕಟ್ತೀವಿ. ನಿನಗ ಅದರ ಜರೂರ ಇಲ್ಲ."

ಎಂಟು ಗಂಟೆಗೆ ಮೊದಲ ಕಾರು ಬಂತು. ಒಂಬತ್ತಕ್ಕೆ ಸಾಲು ಕಂಡಿತು. ಹತ್ತಕ್ಕೆ ಸಾಲಿನ ಬಾಲ ಕಾಣಲಿಲ್ಲ. ಆದರೆ ಸಾಲು ನಿಲ್ಲಲಿಲ್ಲ, ಹರಿಯಿತು. ಮಾಳಸಿದ್ದ ಒಳಬಾಯಿಯಲ್ಲಿ ನಿಂತು ಒಂದೊಂದು ಗಾಡಿಯ ಮೂತಿಗೂ ಬಡಿಗೆ ತಾಗಿಸಿ ಒಳಗೆ ಬಿಡುತ್ತಿದ್ದ. ಹೊರಬಾಯಿಯಲ್ಲಿ ಹೊಳೆವ್ವ. ಹತ್ತು ಗಾಡಿ ಹೊರಗೆ ಹೋದಾಗೊಮ್ಮೆ ಅವಳು ಸೆರಗು ಕೊಡವುವಳು, ಆ ತುದಿಯಿಂದ ಅವನು ಅದನ್ನು ನೋಡಿ ತಲೆಯಲ್ಲಿ ಕಳೆದುಕೊಳ್ಳುವನು. ಬಾಯಿ ಮಾತಿಲ್ಲ. ಸಾರಿಕಾ ಟಿಕೆಟ್ ಹರಿಯುತ್ತ ಅದನ್ನು ನೋಡಿ, ಪಾಪ, ಆಯಿಗೆ ನೊಣದ ಕಾಟ ಅಂದುಕೊಂಡಳು.

ತಪ್ಪುಗಳೂ ಆದವು. ಇಚಲಕರಂಜಿಯ ಒಂದು ಕುಟುಂಬ ಎರಡು ಬೈಕು, ಒಂದು ಕಾರು ತಂದಿತ್ತು. ಮಾಳಸಿದ್ದ ರೂಢಿಯಂತೆ ಬೈಕುಗಳನ್ನು ಮರಿಗೂಡಿಗೆ ಅಟ್ಟಿದ. ಊಟದ ಡಬ್ಬಿ ಇದ್ದದ್ದು ಬೈಕಿನಲ್ಲಿ, ಉಣ್ಣುವವರು ಕಾರಿನಲ್ಲಿ. ಕಾರಿನಿಂದ ಇಳಿದ ದಪ್ಪ ಹೆಂಗಸು ಹೊಳೆವ್ವನ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಮಾಝಾ ನವರಾ ಕುಠೇ ಗೇಲಾ?" ನನ್ನ ಗಂಡ ಎಲ್ಲಿ ಹೋದ ಅಂತ.

"ಆ ಬೇವಿನ ಬುಡಕ ಮರಿ ಕೂಡ ಅದಾನ, ಬಾಯಿ. ಚೀರಬ್ಯಾಡ, ಕರದ್ರ ಬರ್ತಾನು," ಎಂದಳು ಹೊಳೆವ್ವ.

ಹೆಂಗಸಿಗೆ ಕನ್ನಡ ಅರ್ಥವಾಗಿರಬೇಕು, ನಕ್ಕುಬಿಟ್ಟಳು.

ಹನ್ನೊಂದಕ್ಕೆ ಸಂಗ್ರಾಮ ಬಂದು, "ಕಾಕಾ, ಒಳಗ ಎಷ್ಟ ಆದ್ವು?" ಎಂದ.

"ತುಂಬಿಲ್ರಿ ಇನ್ನ."

ಹನ್ನೆರಡಕ್ಕೂ ಅದೇ. ಸಂಗ್ರಾಮ ತುಟಿ ಕಚ್ಚಿಕೊಂಡು ಹೋದ. ಟಿಕೆಟ್ ಪುಸ್ತಕ ನೋಡಿದರೆ ಎಷ್ಟು ಬಂದವು ಅಂತ ಗೊತ್ತಾಗುತ್ತಿತ್ತೇ ಹೊರತು ಎಷ್ಟು ಹೋದವು, ಒಳಗೆ ಎಷ್ಟು ಉಳಿದವು ಅಂತ ಬರೆದಿಟ್ಟವರು ಯಾರೂ ಇರಲಿಲ್ಲ.

ಹನ್ನೆರಡೂವರೆಗೆ ಮಾಳಸಿದ್ದ ಕತ್ತೆತ್ತಿ ಮಡ್ಡಿಯ ಕಡೆ ನೋಡಿದ. ಎಡೆಬಿಡದೆ ಗಾಡಿ ಬಿಡುತ್ತಿದ್ದವನು ಹಾಗೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಬಲೆಯ ತುದಿ ಎಳೆದು ಒಳಬಾಯಿ ಮುಚ್ಚಿ ಗಂಟು ಹಾಕಿದ.

ಅದೇ ಹೊತ್ತಿಗೆ ಸರಿಯಾಗಿ ಬಾಯಿಗೆ ಬಂದು ನಿಂತದ್ದು ದಾದಾಸಾಹೇಬನ ಮೂರು ಗಾಡಿ. ದಾದಾಸಾಹೇಬ ಪಂಚಾಯಿತಿಯವನು, ಬಿಳಿ ಬಟ್ಟೆ, ಬಂಗಾರದ ಸರಪಳಿ. ಕೊಲ್ಹಾಪುರದಿಂದ ಬಂದ ಬೀಗರನ್ನು ಚಿಗರಿ ತೋರಿಸಲು ಕರೆತಂದಿದ್ದ. ಕುರಿ ಹಾದಿಯಲ್ಲಿ ಪಾರ್ಕಿಂಗ್ ಆಗಲಿ ಎಂದು ಮೊದಲು ಅರ್ಜಿ ಬರೆದವನೂ ಅವನೇ.

"ಬಲಿ ತಗಿ," ಎಂದ.

"ತುಂಬೇತ್ರಿ."

"ಕಣ್ಣ ಅದಾವೋ ಇಲ್ಲೋ? ಅರ್ಧಾ ಹೊಲ ಖಾಲಿ ಬಿದ್ದೈತಿ!"

ಖಾಲಿ ಇತ್ತು, ಸುಳ್ಳಲ್ಲ. ಕೊನೆಯ ನಾಲ್ಕು ಸಾಲುಗಳಲ್ಲಿ ಒಂದು ಗಾಡಿಯೂ ಇರಲಿಲ್ಲ. ಹಿಂದೆ ನಿಂತವರು ಹಾರ್ನ್ ಶುರು ಮಾಡಿದರು. ಕೆಲವರು ಇಳಿದು ಬಂದರು. ಬಾಳು ತನ್ನ ಟ್ರ್ಯಾಕ್ಸಿನ ಮೇಲೆ ಹತ್ತಿ ನಿಂತು, "ಇದು ಬಸ್ ಸ್ಟ್ಯಾಂಡ್ ಅಲ್ರಿ, ಒತ್ತಿ ಒತ್ತಿ ತುಂಬಾಕ. ನಾ ಒತ್ತಿ ತುಂಬಾವ, ನನಗ ಗೊತ್ತೈತಿ!" ಎಂದು ಕೂಗಿದ. ಯಾರೂ ಕೇಳಲಿಲ್ಲ.

ಸಂಗ್ರಾಮ ಓಡಿ ಬಂದ. ದಾದಾಸಾಹೇಬ ಆಗಲೇ ಮೊಬೈಲ್ ಕಿವಿಗಿಟ್ಟಿದ್ದ. "ಸಾಹೇಬ್ರ, ಇಲ್ಲಿ ಯಾರೋ ಕುರುಬನ್ನ ತಂದ ನಿಲ್ಲಿಸ್ಯಾರ್ರಿ. ಜಾಗಾ ಇದ್ರೂ ಬಿಡವಲ್ಲ. ಮಂದಿ ಬಿಸಿಲಾಗ ಸಾಯಾಕತ್ತೈತಿ. ಹೇಳೀನಲ್ರಿ ನಿಮಗ, ಆ ಹಾದಿ ಬಿಟ್ರ ಬ್ಯಾರೆ ದಾರಿನ ಇಲ್ಲ."

ಸಂಗ್ರಾಮ ಮಾಳಸಿದ್ದನ ತೋಳು ಹಿಡಿದು ಬದಿಗೆ ಕರೆದ. ಧ್ವನಿ ತಗ್ಗಿಸಿ, "ಕಾಕಾ, ಜಾಗಾ ಐತಲ್ಲ. ಬಿಡ್ರಿ. ಮ್ಯಾಲಿನವರ ಜೋಡಿನ ಮಾತಾಡಾಕತ್ತಾನ ಅವ. ನಿಮ್ಮ ಹಾದೀನ ಹೋಗ್ತೈತಿ," ಎಂದ.

"ಜಾಗಾ ಗಾಡಿಗೆ ಐತ್ರಿ," ಎಂದ ಮಾಳಸಿದ್ದ. "ಅವಕ್ಕಿಲ್ಲ."

ಬಡಿಗೆ ಎತ್ತಿ ತೋರಿಸಿದ. ಸಂಗ್ರಾಮ ಕೊರಳಿನ ದುರ್ಬೀನು ಕಣ್ಣಿಗೆ ಹಿಡಿದ. ಮಡ್ಡಿಯ ಹೊಂಡದ ಸುತ್ತ ಮಂದಿಯೇ ಮಂದಿ. ಹೊತ್ತು ನೆತ್ತಿಗೆ ಬಂದಾಗ ನೀರಿಗೆ ಇಳಿಯಬೇಕಾದ ಚಿಗರಿಗಳು ಒಂದೂ ಇಳಿದಿರಲಿಲ್ಲ. ದೂರದ ಅಂಚಿನಲ್ಲಿ, ಗೋಡೆ ಮುರಿದ ಜಾಗದ ಹತ್ತಿರ, ಇಡೀ ಹಿಂಡು ಒತ್ತೊತ್ತಾಗಿ ನಿಂತಿತ್ತು. ಎಲ್ಲವುಗಳ ಮುಖ ಒಂದೇ ಕಡೆ, ಹೆದ್ದಾರಿಯ ಕಡೆ.

"ಮುಖಾ ಎಲ್ಲಾ ಒಂದ ದಿಕ್ಕಿಗೆ ಮಾಡಿ ನಿಂತ್ರ, ಇನ್ನ ಓಡೂದ ಒಂದ ಬಾಕಿ," ಎಂದ ಮಾಳಸಿದ್ದ. "ನಾ ಅಲ್ಲ ಬಾಯಿ ಮುಚ್ಚಿದ್ದು. ಅವ ಮುಚ್ಚ್ಯಾವ."

ಹಿಂದಿನ ತಿಂಗಳು ಅದೇ ಜಾಗದಲ್ಲಿ ಎರಡು ಚಿಗರಿ ಲಾರಿಗೆ ಸಿಕ್ಕಿದ್ದವು. ಅವುಗಳನ್ನು ರಸ್ತೆಯಿಂದ ಎತ್ತಿ ತಂದವನು ಸಂಗ್ರಾಮನೇ. ಅವನು ದುರ್ಬೀನು ಇಳಿಸಿದ. ಆಗಲೇ ಅವನ ಮೊಬೈಲ್ ಬಡಿದುಕೊಂಡಿತು.

ಮೇಲಿನ ಆಫೀಸಿನವರ ಧ್ವನಿ ದೊಡ್ಡದು, ಹತ್ತಿರ ನಿಂತವರಿಗೆಲ್ಲ ಕೇಳುತ್ತಿತ್ತು. "ಕಾಂಬಳೆ, ಏನ್ ನಡೀತಿದೆ ಅಲ್ಲಿ? ಒಳಗೆ ಎಷ್ಟು ಗಾಡಿ ಇದೆ? ನಂಬರ್ ಹೇಳಿ ಮೊದಲು."

ಸಂಗ್ರಾಮ ಮಾಳಸಿದ್ದನನ್ನು ನೋಡಿದ. ದಾದಾಸಾಹೇಬ ನೋಡಿದ. ಬಾಳು ಟ್ರ್ಯಾಕ್ಸಿನ ಮೇಲಿಂದ ನೋಡಿದ. ಸಾರಿಕಾ ಕಿಟಕಿಯಿಂದ ಅರ್ಧ ಹೊರಗೆ ಬಂದು ನೋಡಿದಳು. ಒಂದು ಸಂಖ್ಯೆ. ಅದು ಮಾಳಸಿದ್ದನ ತಲೆಯಲ್ಲಿ ಸ್ಪಷ್ಟವಾಗಿತ್ತು, ನಾಲಿಗೆಯ ತುದಿಗೂ ಬಂದಿತ್ತೋ ಏನೋ. ಹೇಳಿದ್ದರೆ ಯಾರೂ ಸಾಯುತ್ತಿರಲಿಲ್ಲ. ಗಾಡಿ ಕುರಿಯಲ್ಲ. ಆದರೆ ಐವತ್ತು ವರ್ಷ ಮುಚ್ಚಿಟ್ಟ ಬಾಯಿ ಹಾಗೆ ಕೇಳಿದ ತಕ್ಷಣ ತೆರೆಯುವುದಿಲ್ಲ. ಹೊಲದ ಆ ತುದಿಯಲ್ಲಿ ಹೊಳೆವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದಳು. ಅವನು ಬಡಿಗೆಯನ್ನು ನೆಲಕ್ಕೆ ಊರಿ, ಅದರ ಮೇಲೆ ಎರಡೂ ಕೈ ಇಟ್ಟು, ಸುಮ್ಮನೆ ನಿಂತ.

"ಕಾಂಬಳೆ?"

"ಲೆಕ್ಕ ಐತಿ ಸರ್," ಎಂದ ಸಂಗ್ರಾಮ. ಗಾಬರಿಯಲ್ಲಿ ಆಫೀಸಿನ ಭಾಷೆ ಮರೆತು ಊರ ಭಾಷೆಯೇ ಬಂದಿತ್ತು. "ಪಕ್ಕಾ ಐತಿ. ಸಂಜೀಕ ಕೊಡ್ತೀನಿ. ಈಗ ಗೇಟ್ ಬಂದ್ ಮಾಡೇನ್ರಿ ಸರ್, ಪ್ರಾಣಿ ಬೆದರ್ಯಾವು. ಜವಾಬ್ದಾರಿ ನಂದು."

ಮೊಬೈಲನ್ನು ಕಿಸೆಗೆ ಹಾಕಿಕೊಂಡು ಅವನು ದಾದಾಸಾಹೇಬನ ಕಡೆ ತಿರುಗಿದ. "ಕಾಯಬೇಕಾಗ್ತೈತ್ರಿ, ದಾದಾ. ನೀವೊಬ್ಬರ ಅಲ್ಲ, ಎಲ್ಲಾರೂ."

"ನೋಡ್ಕೊಂತೀನಿ," ಎಂದ ದಾದಾಸಾಹೇಬ.

"ಅದಕ್ಕ ಬಂದೀರಲ್ಲ," ಎಂದ ಬಾಳು ಮೇಲಿಂದ. "ಚಿಗರಿ ನೋಡಾಕ."

ಮುಕ್ಕಾಲು ತಾಸು ಆ ಸಾಲು ಅಲ್ಲೇ ನಿಂತಿತು. ಹೊಳೆವ್ವ ನಾಲ್ಕು ಸಲ ಸೆರಗು ಕೊಡವಿದಳು. ಹೊಂಡದ ಸುತ್ತಿನ ಮಂದಿ ತೆಳ್ಳಗಾಯಿತು. ಅಂಚಿನಲ್ಲಿ ನಿಂತಿದ್ದ ಹಿಂಡಿನಿಂದ ಒಂದು ಕರಿಯ ಗಂಡು ಚಿಗರಿ ಮುಖ ಈ ಕಡೆ ತಿರುಗಿಸಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಹಿಂಡು ಮೆಲ್ಲಗೆ ಇಳಿಜಾರಿಗೆ ಬಂತು. ಮಾಳಸಿದ್ದ ಗಂಟು ಬಿಚ್ಚಿ ಬಾಯಿ ತೆರೆದ. ಮೊದಲು ಒಳಗೆ ಹೋದದ್ದು ದಾದಾಸಾಹೇಬನ ಬೀಗರೇ. ಹುಣ್ಣಿಮೆಯಂತೆ ಬಿಳಿಯ ಹೊಟ್ಟೆಯ ನೂರಾರು ಚಿಗರಿ ಒಟ್ಟಿಗೆ ಕತ್ತು ಬಾಗಿಸಿ ನೀರು ಕುಡಿಯುವುದನ್ನು ಆ ದಿನ ಬಂದವರಲ್ಲಿ ಮೊದಲು ಹತ್ತಿರದಿಂದ ಕಂಡವರು ಅವರೇ. ಹೊರಗೆ ಬರುವಾಗ ಬೀಗಿತ್ತಿ ಸಂಭ್ರಮದಿಂದ ದಾದಾಸಾಹೇಬನಿಗೆ ಏನೇನೋ ಹೇಳುತ್ತಿದ್ದಳು. ಅವನು ಹೂಂ ಹೂಂ ಅನ್ನುತ್ತ ಮಾಳಸಿದ್ದನ ಕಡೆ ನೋಡದೆ ದಾಟಿ ಹೋದ.

ಸಂಜೆ ಐದೂವರೆಗೆ ಕೊನೆಯ ಗಾಡಿ, ಬಾಳುವಿನ ಟ್ರ್ಯಾಕ್ಸು, ಹೊರಬಾಯಿಯಿಂದ ಹೋಯಿತು. ಹೊಲದಲ್ಲಿ ಗಾಲಿಯ ಗುರುತು, ಒಂದು ಮಗುವಿನ ಟೋಪಿ, ಎರಡು ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಹೊಳೆವ್ವ ಬಲೆ ಸುತ್ತುತ್ತಿದ್ದಳು. ಮಾಳಸಿದ್ದ ಹೊಲವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು, ಖಾಲಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಟಿಕೆಟ್ ಕಿಟಕಿಯ ಹತ್ತಿರ ಬಂದ.

"ಈಗ ಕೇಳ್ರಿ," ಎಂದ.

ಸಂಗ್ರಾಮ ಪೆನ್ನು ತೆಗೆದ. "ಎಷ್ಟ, ಕಾಕಾ?"

"ನಾಕ ಗಾಲೀವು, ಮುಂಜಾನಿಂದ ಈಗಿನ ತನಕ, ನಾನೂರಾ ಹದಿನೇಳ. ಮರಿ ಬ್ಯಾರೆ. ನಾ ಬಾಯಿ ಮುಚ್ಚಿದಾಗ ಒಳಗಿದ್ದದ್ದು ನೂರಾ ಹನ್ನೆರಡ. ಅದಕ್ಕಿಂತ ಒಂದ ಹೆಚ್ಚಾಗಿದ್ರೂ ಅವು ಹೆದ್ದಾರಿಗೆ ಓಡಿಬಿಡ್ತಿದ್ವು. ಬರಕೊಳ್ರಿ."

ಸಾರಿಕಾ ಪುಸ್ತಕ ತಿರುವಿ, ಬೆರಳು ಮಡಚಿ, ಮತ್ತೊಮ್ಮೆ ತಿರುವಿದಳು. "ಕಾಕಾ, ನನ್ನ ಪುಸ್ತಕದಾಗ ನಾನೂರಾ ಹದಿನಾರ ಐತಿ. ಒಂದ ಹೆಚ್ಚ ಹೇಳಿದ್ರಿ."

"ಹೆಚ್ಚ ಹೇಳಿಲ್ಲವಾ."

"ಟಿಕೆಟ್ ಹರೀದ ನಾ ಒಂದನೂ ಬಿಟ್ಟಿಲ್ಲ."

"ಬಿಟ್ಟಿ. ಒಂಬತ್ತಕ್ಕ ಒಂದ ಹಸರ ಜೀಪ ಬಂತು. ಸಾಲ ಹೆಂಗ ಅದಾವ ಅಂತ ನೋಡಿ ಹೋತು. ಅದಕ್ಕ ನೀ ಟಿಕೆಟ್ ಕೇಳಲಿಲ್ಲ."

ಹಸಿರು ಜೀಪು ರೇಂಜರನದೇ. ಸಾರಿಕಾ ಬಾಯಿಗೆ ಕೈ ಹಿಡಿದಳು. ಸಂಗ್ರಾಮ ಪೆನ್ನು ಹಿಡಿದ ಕೈಯನ್ನು ಹಾಗೇ ಮೇಜಿನ ಮೇಲಿಟ್ಟು, ಬೆಳಗಿನಿಂದ ಮೊದಲ ಸಲ, ಗಟ್ಟಿಯಾಗಿ ನಕ್ಕ. ಆಮೇಲೆ ಎದ್ದು ನಿಂತು ತನ್ನ ಕುರ್ಚಿಯನ್ನು ಕಿಟಕಿಯ ಆಚೆಗೆ ತಂದು ಹಾಕಿದ. ಮಾಳಸಿದ್ದ ಈ ಸಲ ಕೂತ. ಕೂತು, ಒಂದು ಲೋಟ ಚಹಾ ಕುಡಿದ. ಹೊಳೆವ್ವನಿಗೂ ಒಂದು ಕಳಿಸಲು ಹೇಳಿದ.

ಮೂರನೆಯ ದಿನ ಮೇಲಿನ ಆಫೀಸಿನಿಂದ ಕಾಗದ ಬಂತು. ಅಭಯಾರಣ್ಯಕ್ಕೆ ಒಂದು ಹೊತ್ತಿಗೆ ನೂರಹನ್ನೆರಡಕ್ಕಿಂತ ಹೆಚ್ಚು ವಾಹನ ಬಿಡತಕ್ಕದ್ದಲ್ಲ, ರಸ್ತೆಯ ಪಕ್ಕದ ಬೀಳು ಹೊಲವನ್ನು ಹಂಗಾಮಿನ ಮಟ್ಟಿಗೆ ವಾಹನ ನಿಲುಗಡೆಗೆ ಪಡೆಯತಕ್ಕದ್ದು. ಸಂಗ್ರಾಮ ಮಡ್ಡಿಗೆ ಹೋಗಿ, ಕುರಿಗಳ ನಡುವೆ ನಿಂತು, ಅದನ್ನು ಮಾಳಸಿದ್ದನಿಗೆ ಓದಿ ಹೇಳಿದ. ಹಾದಿಯ ಸುದ್ದಿ ಅದರಲ್ಲಿ ಇರಲೇ ಇಲ್ಲ. ಇಲ್ಲದಿರುವುದೇ ಬೇಕಾಗಿದ್ದದ್ದು.

"ನೂರಾ ಹನ್ನೆರಡ ಅಂತ ಕಾಗದದಾಗ ಬರದಾರೇನ್ರಿ?" ಎಂದು ಕೇಳಿದ ಮಾಳಸಿದ್ದ.

"ಬರದಾರ, ಕಾಕಾ. ಸಿಕ್ಕಾ ಒತ್ಯಾರ."

"ಮಾಳುಗ ಕೇಳಸ್ತೀನಿ, ತಡೀರಿ," ಎಂದು ಅವನು ಮಗನನ್ನು ಕೂಗಿ ಕರೆದು, ಇನ್ನೊಮ್ಮೆ ಓದಿಸಿದ.

ಮುಂದಿನ ರವಿವಾರ ಮಟಮಟ ಮಧ್ಯಾಹ್ನ ಹಿಂಡು ಕೆರೆಗೆ ಹೊರಟಿತು. ಹಾದಿ ರಸ್ತೆಯನ್ನು ದಾಟುವ ಕಡೆ ಇಪ್ಪತ್ತು ಮೂವತ್ತು ಕಾರುಗಳು ಸಾಲಾಗಿ ಬರುತ್ತಿದ್ದವು. ಮೊದಲನೆಯದು ನಿಂತಿತು. ಅದು ನಿಂತ ಮೇಲೆ ಉಳಿದವೂ ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಒಬ್ಬ ಇಂಜಿನ್ ಆರಿಸಿದ, ಅವನ ಹಿಂದಿನವನೂ ಆರಿಸಿದ, ಕೊನೆಗೆ ಗೊರಸಿನ ಸದ್ದು ಮಾತ್ರ ಉಳಿಯಿತು. ಮಾಳಸಿದ್ದ ಮುಂದೆ ಮುಂದೆ ನಡೆದ, ಬಡಿಗೆ ಹೆಗಲ ಮೇಲೆ ಅಡ್ಡ, ಹಿಂದೆ ತಿರುಗಿ ನೋಡಲಿಲ್ಲ. ಕುರಿಗಳು ಕಾರುಗಳ ನಡುವಿನಿಂದ ತುಂಬಿ ಹರಿದವು. ಒಂದು ನೀಲಿ ಕಾರಿನ ಕಿಟಕಿಯ ಗಾಜು ಕೆಳಗಿಳಿಯಿತು. ಬಳೆ ತೊಟ್ಟ ಒಂದು ಮುದಿ ಕೈ ಹೊರಗೆ ಚಾಚಿ, ಅಂಗೈ ಬಿಚ್ಚಿ, ಅದರಡಿಯಿಂದ ಒಂದೊಂದೇ ಬೆನ್ನಿನ ಉಣ್ಣೆ ಸವರಿಕೊಂಡು ಹೋಗಲು ಬಿಟ್ಟಿತು, ಕೊನೆಯ ಮರಿ ದಾಟುವವರೆಗೆ.